ಸಿಗ್ಮಾ ಕ್ಸೈ ಚುನಾವಣೆಗೆ ನಿಲ್ಲುವವರಿಗೆ: ಸದಸ್ಯತ್ವ ಸರಿಪಡಿಸುವುದರಿಂದ ಅಧಿಕಾರ ವಹಿಸಿಕೊಳ್ಳುವವರೆಗೆ

ಪ್ರತಿ ವರ್ಷ ಚುನಾವಣೆ ಮುಗಿದ ಮೇಲೆ ನನಗೆ ಒಂದೇ ತರಹದ ಪ್ರಶ್ನೆಗಳು ಬರುತ್ತವೆ. "ನನ್ನ ಹೆಸರು ಪಟ್ಟಿಗೇ ಬರಲಿಲ್ಲ, ಯಾಕೆ?" "ಗೆದ್ದವರಿಗಿಂತ ನನ್ನ ಪೇಪರ್‌ಗಳು ಜಾಸ್ತಿ, ಆದರೂ ಸೋತೆ, ಯಾಕೆ?" ಕೇಳುವವರಲ್ಲಿ ಹೆಚ್ಚಿನವರು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿರುವ ನಮ್ಮ ಕನ್ನಡದ ಪೋಸ್ಟ್‌ಡಾಕ್‌ಗಳು, ಪಿಎಚ್‌ಡಿ ಕೊನೆಯ ವರ್ಷದವರು, ಈಗಷ್ಟೇ ಕೆಲಸಕ್ಕೆ ಸೇರಿದ ಅಸಿಸ್ಟೆಂಟ್ ಪ್ರೊಫೆಸರ್‌ಗಳು. ನಾನು ನಮ್ಮ ಕ್ಯಾಂಪಸ್‌ನ ಚಾಪ್ಟರ್‌ನಲ್ಲಿ, ಅಂದರೆ ಸಂಘದ ಸ್ಥಳೀಯ ಘಟಕದಲ್ಲಿ, ಮೊದಲು ಕಾರ್ಯದರ್ಶಿಯಾಗಿದ್ದೆ, ಆಮೇಲೆ ಅಭ್ಯರ್ಥಿಗಳ ಹೆಸರು ಆರಿಸುವ ಸಮಿತಿಯಲ್ಲಿ ಕೂತೆ. ಒಳ್ಳೆಯ ಸಂಶೋಧಕರು ಮತ್ತೆ ಮತ್ತೆ ಅವೇ ನಾಲ್ಕೈದು ಕಡೆ ಎಡವುವುದನ್ನು ನೋಡಿ ಬೇಸರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಸಿಗ್ಮಾ ಕ್ಸೈ ವಿಜ್ಞಾನ ಸಂಶೋಧಕರ ಗೌರವ ಸಂಘ. 1886ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು, ಈಗ ಕಚೇರಿ ಇರುವುದು ನಾರ್ತ್ ಕ್ಯಾರೊಲಿನಾದಲ್ಲಿ. ಬರೆಯುವುದು ಹೀಗಾದರೂ ಕ್ಯಾಂಪಸ್‌ನಲ್ಲಿ ಹೇಳುವುದು "ಸಿಗ್ಮಾ ಝೈ" ಎಂದು. ಅಭ್ಯರ್ಥಿಯ ಬಾಯಲ್ಲಿ ಸಂಘದ ಹೆಸರೇ ತಡವರಿಸಬಾರದು, ಅಭ್ಯಾಸ ಮಾಡಿಕೊಳ್ಳಿ. ಇತಿಹಾಸ ಇಷ್ಟು ಸಾಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ. ಒಳಗೆ ಸೇರಲು ನಿಮ್ಮ ಸಂಶೋಧನೆ ನೋಡುತ್ತಾರೆ. ಹುದ್ದೆ ಕೊಡುವಾಗ ನೋಡುವುದು ಸಂಘಕ್ಕಾಗಿ ನೀವು ಏನು ಮಾಡಿದ್ದೀರಿ ಎಂಬುದನ್ನು. ಸಂಘದಲ್ಲಿರುವ ಎಲ್ಲರಿಗೂ ಪೇಪರ್‌ಗಳಿವೆ, ಅಲ್ವಾ? ಅದನ್ನೇ ಮುಂದಿಟ್ಟರೆ ನಿಮ್ಮನ್ನು ಬೇರೆಯವರಿಂದ ಬೇರ್ಪಡಿಸುವಂಥದ್ದು ಏನೂ ಉಳಿಯುವುದಿಲ್ಲ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ನಿಮ್ಮ ಸದಸ್ಯತ್ವದ ಸಂಖ್ಯೆ, ಚಂದಾ ಕಟ್ಟಿದ ರಸೀದಿ. ನಿಮ್ಮ ಚಾಪ್ಟರ್‌ನ ನಿಯಮಾವಳಿ, ಅದರ ಜೊತೆಗೆ ಇಡೀ ಸಂಘದ ನಿಯಮಾವಳಿ. ಇವೆರಡೂ ಬೇರೆ ಬೇರೆ. ಒಂದನ್ನು ಓದಿ ಇನ್ನೊಂದೂ ಹಾಗೇ ಇರುತ್ತದೆ ಅಂದುಕೊಳ್ಳಬೇಡಿ. ನಿಮ್ಮ ಉದ್ಯೋಗದ ಅಥವಾ ಫೆಲೋಶಿಪ್‌ನ ಒಪ್ಪಂದ ಪತ್ರ. ಇವೆಲ್ಲದರ ಜೊತೆಗೆ ಒಂದು ಸಾದಾ ನೋಟ್‌ಬುಕ್. ಚಾಪ್ಟರ್‌ಗಾಗಿ ಮಾಡಿದ ಪ್ರತಿ ಕೆಲಸವನ್ನೂ ಅದರಲ್ಲಿ ತಾರೀಖಿನ ಸಮೇತ ಒಂದೊಂದು ಸಾಲು ಬರೆಯುತ್ತಾ ಹೋಗಿ. ಮುಂದೆ ಅಭ್ಯರ್ಥಿಯ ಹೇಳಿಕೆ ಬರೆಯುವಾಗ ಈ ನೋಟ್‌ಬುಕ್ ಎಷ್ಟು ಕೆಲಸಕ್ಕೆ ಬರುತ್ತದೆ ಎಂದು ಆಗ ಗೊತ್ತಾಗುತ್ತದೆ.

## ಹಂತ 1: ಯಾವ ಹುದ್ದೆ ಎಂದು ಮೊದಲು ಗೊತ್ತುಮಾಡಿಕೊಳ್ಳಿ

"ಲೀಡರ್‌ಶಿಪ್ ರೋಲ್ ಬೇಕು" ಎಂದು ಬರುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಯಾವುದು? ಅರ್ಧ ಜನ ಇಲ್ಲೇ ಸುಮ್ಮನಾಗುತ್ತಾರೆ.

ಮೊದಲನೆಯದು ಚಾಪ್ಟರ್. ನಿಮ್ಮ ವಿಶ್ವವಿದ್ಯಾಲಯದ ಅಥವಾ ಲ್ಯಾಬ್‌ನ ಘಟಕ ಇದು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಹೊಸ ಸದಸ್ಯರನ್ನು ಸೇರಿಸಿಕೊಳ್ಳುವ ಸಮಿತಿ, ಹೀಗೆ. ಅದರ ಮೇಲೆ ಸಂಘದ ನಿರ್ದೇಶಕ ಮಂಡಳಿ. ಮಂಡಳಿಯ ಸೀಟುಗಳು ಎರಡು ರೀತಿಯವು. ಕೆಲವು ಪ್ರಾಂತ್ಯದ ಲೆಕ್ಕದಲ್ಲಿ, ಅಂದರೆ ಈಶಾನ್ಯ, ಆಗ್ನೇಯ ಹೀಗೆ ಭೂಪಟದ ಪ್ರಕಾರ. ಇನ್ನು ಕೆಲವು ಸಂಸ್ಥೆಯ ಬಗೆಯ ಲೆಕ್ಕದಲ್ಲಿ: ಪದವಿ ಕಾಲೇಜುಗಳಿಗೆ ಒಂದು, ದೊಡ್ಡ ಸಂಶೋಧನಾ ವಿಶ್ವವಿದ್ಯಾಲಯಗಳಿಗೆ ಒಂದು, ಹೀಗೆ. ಎಲ್ಲಕ್ಕಿಂತ ಮೇಲೆ ಅಧ್ಯಕ್ಷ ಸ್ಥಾನ.

ಅಧ್ಯಕ್ಷ ಸ್ಥಾನಕ್ಕೆ ನೇರವಾಗಿ ಆರಿಸುವುದಿಲ್ಲ. ಆರಿಸುವುದು ಮುಂದಿನ ಅಧ್ಯಕ್ಷರನ್ನು. ಮೊದಲ ವರ್ಷ ನಿಯೋಜಿತ ಅಧ್ಯಕ್ಷ, ಎರಡನೇ ವರ್ಷ ಅಧ್ಯಕ್ಷ, ಮೂರನೇ ವರ್ಷ ನಿಕಟಪೂರ್ವ ಅಧ್ಯಕ್ಷ. ಒಟ್ಟು 3 ವರ್ಷದ ಕೆಲಸ. ನಿರ್ದೇಶಕರ ಅವಧಿಯೂ 3 ವರ್ಷ. ಅಧಿಕಾರ ಶುರುವಾಗುವುದು ಜುಲೈ 1ರಂದು.

ಇಲ್ಲಿನ ದೊಡ್ಡ ತಪ್ಪು ಮೇಲಿನ ಮೆಟ್ಟಿಲಿಗೆ ನೇರವಾಗಿ ಕಾಲಿಡುವುದು. ಚಾಪ್ಟರ್‌ನಲ್ಲಿ ಏನೂ ಮಾಡದೆ ಪ್ರಾಂತ್ಯದ ನಿರ್ದೇಶಕ ಸ್ಥಾನಕ್ಕೆ ಹೆಸರು ಕೊಟ್ಟರೆ, ಸಮಿತಿಯಲ್ಲಿ ಕೂತವರು ಮೊದಲು ಕೇಳುವುದು "ಇವರ ಚಾಪ್ಟರ್‌ನವರು ಏನಂತಾರೆ?" ಎಂದೇ. ಉತ್ತರ ಕೊಡುವವರು ಯಾರೂ ಇಲ್ಲದಿದ್ದರೆ ನಿಮ್ಮ ಕಡತ ಅಲ್ಲಿಂದ ಮುಂದೆ ಹೋಗುವುದು ಕಷ್ಟ.

## ಹಂತ 2: ಸದಸ್ಯತ್ವವನ್ನು ಸರಿಪಡಿಸಿಕೊಳ್ಳಿ

ನಾನು ನೋಡಿದ ಹಾಗೆ ಹೆಸರು ಪಟ್ಟಿಗೆ ಬಾರದಿರಲು ಅತಿ ಸಾಮಾನ್ಯ ಕಾರಣ ಚಂದಾ ಬಾಕಿ. ಪಿಎಚ್‌ಡಿ ಮಾಡುವಾಗ ಗೈಡ್ ಸೇರಿಸಿರುತ್ತಾರೆ, ಮೊದಲ ವರ್ಷದ ಹಣ ಡಿಪಾರ್ಟ್‌ಮೆಂಟ್ ಕಟ್ಟಿರುತ್ತದೆ, ಆಮೇಲೆ ಊರು ಬದಲಾಗಿ, ಹಳೆಯ ಇಮೇಲ್ ಮುಚ್ಚಿಹೋಗಿ, ನೆನಪೋಲೆ ಬಂದದ್ದೇ ಗೊತ್ತಾಗಿರುವುದಿಲ್ಲ. ನಿಮ್ಮ ಲೆಕ್ಕದಲ್ಲಿ ನೀವು ಸದಸ್ಯರು. ಅವರ ದಾಖಲೆಯಲ್ಲಿ ಅಲ್ಲ. ಇವತ್ತೇ ಖಾತೆ ತೆರೆದು ನೋಡಿ.

ಎರಡನೆಯದು ಸದಸ್ಯತ್ವದ ಬಗೆ. ವಿದ್ಯಾರ್ಥಿಯಾಗಿ ಸೇರಿದವರು ಸಾಮಾನ್ಯವಾಗಿ ಸಹಸದಸ್ಯರಾಗಿರುತ್ತಾರೆ. ಸಂಶೋಧನೆಯಲ್ಲಿ ಭರವಸೆ ತೋರಿಸಿದವರಿಗೆ ಅದು. ಪೂರ್ಣ ಸದಸ್ಯತ್ವ ಸ್ವತಂತ್ರವಾಗಿ ಗಮನಾರ್ಹ ಸಂಶೋಧನೆ ಮಾಡಿದವರಿಗೆ. ಪ್ರಕಟವಾದ ಪ್ರಬಂಧ, ಪೇಟೆಂಟ್ ಇಂಥವು ಅದಕ್ಕೆ ಸಾಕ್ಷಿ. ಪಿಎಚ್‌ಡಿ ಮುಗಿದು ಐದು ವರ್ಷವಾದರೂ ಸಹಸದಸ್ಯರಾಗಿಯೇ ಉಳಿದವರನ್ನು ನೋಡಿದ್ದೇನೆ. ಅದು ತಾನಾಗಿ ಬದಲಾಗುವುದಿಲ್ಲ, ನೀವೇ ಕೇಳಿ ಅರ್ಜಿ ಹಾಕಬೇಕು. ಚಾಪ್ಟರ್‌ನ ಹೊರಗಿನ ಹುದ್ದೆ ಮನಸ್ಸಿನಲ್ಲಿದ್ದರೆ ಈ ಕೆಲಸ ಮೊದಲು ಮುಗಿಸಿ.

ಮೂರನೆಯದು, ನಿಮ್ಮನ್ನು ಯಾವ ಚಾಪ್ಟರ್, ಯಾವ ಪ್ರಾಂತ್ಯ, ಯಾವ ಬಗೆಯ ಸಂಸ್ಥೆಯ ಕೆಳಗೆ ಲೆಕ್ಕಕ್ಕೆ ಹಿಡಿದಿದ್ದಾರೆ ಎಂದು ಕಚೇರಿಗೆ ಬರೆದು ಕೇಳಿ. ಉತ್ತರ ಇಮೇಲ್‌ನಲ್ಲೇ ಇರಲಿ. ಟೆಕ್ಸಾಸ್‌ನಿಂದ ಒಹಾಯೊಗೆ ಬಂದು ಎರಡು ವರ್ಷವಾದರೂ ದಾಖಲೆ ಟೆಕ್ಸಾಸ್‌ನಲ್ಲೇ ಉಳಿದಿದ್ದರೆ, ನೀವು ನಿಲ್ಲಬೇಕೆಂದುಕೊಂಡ ಸೀಟು ನಿಮ್ಮದಲ್ಲ ಎಂದು ಕೊನೆಯ ದಿನ ಗೊತ್ತಾಗುತ್ತದೆ.

## ಹಂತ 3: ಒಂದು ವರ್ಷ ಚಾಪ್ಟರ್‌ನ ಕೆಲಸ ಮಾಡಿ

ಇದನ್ನು ಬಿಟ್ಟು ಮುಂದಕ್ಕೆ ಹೋಗಲು ಅಡ್ಡದಾರಿ ಇಲ್ಲ. ಎಲ್ಲರಿಗೂ ಬೇಡವಾದ, ಆದರೆ ನಿಂತುಹೋದರೆ ಚಾಪ್ಟರೇ ನಿಂತುಹೋಗುವಂಥ ಕೆಲಸ ಒಂದನ್ನು ಹಿಡಿದುಕೊಳ್ಳಿ. ಕೇಂದ್ರ ಕಚೇರಿಗೆ ಕಳಿಸುವ ವಾರ್ಷಿಕ ವರದಿ. ಹೊಸ ಸದಸ್ಯರ ನಾಮಪತ್ರ ಪರಿಶೀಲನೆ. ವಿದ್ಯಾರ್ಥಿಗಳಿಗೆ ಸಂಶೋಧನಾ ಅನುದಾನದ ಅರ್ಜಿ ತುಂಬಲು ಸಹಾಯ. ಈ ಅನುದಾನ ಯೋಜನೆ 1922ರಿಂದ ನಡೆಯುತ್ತಿದೆ, ಆದರೂ ಎಷ್ಟೋ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿಗಳಿಗೆ ಅದರ ಹೆಸರೇ ಗೊತ್ತಿಲ್ಲ. ಒಂದು ಸಂಜೆ ಹತ್ತು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಬಜೆಟ್ ಪುಟ ಹೇಗೆ ಬರೆಯಬೇಕು ಎಂದು ತೋರಿಸಿದರೂ ಅದು ದೊಡ್ಡ ಕೆಲಸವೇ.

ನಾನು ಹಿಡಿದುಕೊಂಡದ್ದು ಪೋಸ್ಟರ್ ದಿನವನ್ನು, ಅಂದರೆ ವಿದ್ಯಾರ್ಥಿಗಳು ತಮ್ಮ ಸಂಶೋಧನೆಯನ್ನು ಪೋಸ್ಟರ್‌ನಲ್ಲಿ ತೋರಿಸಿ ತೀರ್ಪುಗಾರರು ಅಂಕ ಕೊಡುವ ದಿನವನ್ನು. ಅದಕ್ಕೆ ಕಾರಣವಾದ ಸಂಗತಿ ಇನ್ನೂ ಕಣ್ಣಮುಂದಿದೆ. ಏಪ್ರಿಲ್ ತಿಂಗಳು, ಸ್ಟೂಡೆಂಟ್ ಯೂನಿಯನ್‌ನ ಕೆಳಮಹಡಿಯ ಹಾಲ್. ಸಂಜೆ ಎಲ್ಲರೂ ಹೊರಟ ಮೇಲೆ ಮೂರನೇ ವರ್ಷದ ಒಬ್ಬ ವಿದ್ಯಾರ್ಥಿನಿ ತನ್ನ ಪೋಸ್ಟರ್‌ನ ಪಿನ್‌ಗಳನ್ನು ಒಂದೊಂದಾಗಿ ಕಿತ್ತು ಅಂಗೈಯಲ್ಲಿ ಹಾಕಿಕೊಳ್ಳುತ್ತಿದ್ದಳು. ಊರಿನ ಹಳ್ಳದ ನೀರಿನಲ್ಲಿ ನೈಟ್ರೇಟ್ ಎಷ್ಟಿದೆ ಎಂದು ಎಂಟು ತಿಂಗಳು ಅಳೆದಿದ್ದಳು. ಎರಡೂವರೆ ಗಂಟೆ ಹೊಸ ಬೂಟು ಹಾಕಿಕೊಂಡು ನಿಂತಿದ್ದಳು. ಒಬ್ಬ ತೀರ್ಪುಗಾರರೂ ಅವಳ ಹತ್ತಿರ ಹೋಗಿರಲಿಲ್ಲ. ಅವಳ ಹೆಸರಿನ ಅಂಕದ ಹಾಳೆ ಖಾಲಿ ಇತ್ತು. "ಪರವಾಗಿಲ್ಲ" ಎಂದು ನಕ್ಕು ಪೋಸ್ಟರ್ ಸುತ್ತಿಕೊಂಡು ಹೋದಳು. ಬರುತ್ತೇವೆ ಎಂದಿದ್ದ ಮೂವರು ಬಂದಿರಲಿಲ್ಲ, ಯಾರೂ ಫೋನ್ ಮಾಡಿ ಕೇಳಿರಲಿಲ್ಲ, ಅಷ್ಟೇ ಆದದ್ದು.

ಮುಂದಿನ ವರ್ಷ ನಾನು ಮಾಡಿದ ಲೆಕ್ಕ ಇದು, ನೀವೂ ಬಳಸಿಕೊಳ್ಳಿ. 40 ಪೋಸ್ಟರ್ ಇದ್ದರೆ, ಪ್ರತಿಯೊಂದನ್ನೂ ಇಬ್ಬರು ನೋಡಬೇಕು ಎಂದಾದರೆ, 80 ಭೇಟಿ. ಎರಡು ಗಂಟೆಯಲ್ಲಿ ಒಬ್ಬರು ಸಮಾಧಾನವಾಗಿ 5 ಪೋಸ್ಟರ್ ನೋಡಬಲ್ಲರು. ಹಾಗಾಗಿ 16 ಜನ ಬೇಕು. ಕರೆಯುವುದು 22 ಜನರನ್ನು. ಹಿಂದಿನ ವಾರ ಒಂದು ಇಮೇಲ್, ಆ ದಿನ ಬೆಳಿಗ್ಗೆ 8ಕ್ಕೆ ಒಂದು ಮೆಸೇಜ್. ಬಾಗಿಲಲ್ಲಿ ಒಬ್ಬರು ಪಟ್ಟಿ ಹಿಡಿದು ನಿಂತಿರಬೇಕು. ಅರ್ಧ ಸಮಯ ಕಳೆದಾಗ ಖಾಲಿ ಇರುವ ಹಾಳೆಗಳನ್ನು ಹುಡುಕಿ, ಬಿಡುವಿರುವ ತೀರ್ಪುಗಾರರನ್ನು ಅಲ್ಲಿಗೆ ಕಳಿಸಬೇಕು.

ಇಂಥ ಕೆಲಸವನ್ನು ಒಂದು ಸಲ ಸರಿಯಾಗಿ ನಡೆಸಿದರೆ ಆ ಹಾಲ್‌ನಲ್ಲಿದ್ದ ಅಷ್ಟೂ ಜನಕ್ಕೆ ನಿಮ್ಮ ಹೆಸರು ಗೊತ್ತಿರುತ್ತದೆ.

## ಹಂತ 4: ನಿಯಮ ಓದಿ, ದುಡ್ಡಿನ ಲೆಕ್ಕ ನೋಡಿ

ನಿಯಮಾವಳಿಯಲ್ಲಿ ಮೂರು ವಿಷಯಕ್ಕೆ ಗೆರೆ ಎಳೆಯಿರಿ: ಯಾರು ನಿಲ್ಲಬಹುದು, ಯಾರು ಮತ ಹಾಕಬಹುದು, ಕೋರಂ (ಸಭೆ ನಡೆಯಲು ಇರಲೇಬೇಕಾದ ಕನಿಷ್ಠ ಜನ) ಎಷ್ಟು. ಹೆಚ್ಚಿನ ಚಾಪ್ಟರ್‌ಗಳ ಚುನಾವಣೆ ವಸಂತ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ನಡೆಯುತ್ತದೆ. ಸಂಘದ ಚುನಾವಣೆ ಸಾಮಾನ್ಯವಾಗಿ ನವೆಂಬರ್‌ನಲ್ಲಿ, ಆನ್‌ಲೈನ್ ಮತದಾನ. ಹೆಸರು ಸೂಚಿಸುವ ಗಡುವು ಅದಕ್ಕೆ ಎಷ್ಟೋ ತಿಂಗಳು ಮೊದಲೇ ಮುಗಿದಿರುತ್ತದೆ. ಅಕ್ಟೋಬರ್‌ನಲ್ಲಿ ಎಚ್ಚರವಾದವರಿಗೆ ಆ ವರ್ಷ ಹೋಯಿತು ಎಂದೇ ಅರ್ಥ.

ಸಭೆಯ ರೀತಿನೀತಿಯನ್ನೂ ಕಲಿಯಿರಿ. ಅಮೆರಿಕದ ಸಂಘಗಳಲ್ಲಿ ಪ್ರಸ್ತಾವ ಮಂಡಿಸುವುದು, ಅನುಮೋದಿಸುವುದು, ತಿದ್ದುಪಡಿ ತರುವುದು ಇವಕ್ಕೆಲ್ಲ ಕ್ರಮವಿದೆ. ಅದು ಗೊತ್ತಿಲ್ಲದೆ ಒಳ್ಳೆಯ ಮಾತನ್ನು ತಪ್ಪು ಹೊತ್ತಿನಲ್ಲಿ ಎತ್ತಿದರೆ ಆ ಮಾತು ಬಿದ್ದುಹೋಗುತ್ತದೆ. ಎರಡು ಸಭೆ ಸುಮ್ನೆ ಕೂತು ನೋಡಿದರೆ ಅರ್ಧ ಕಲಿತ ಹಾಗೆ.

ದುಡ್ಡಿನ ವಿಷಯ ಯಾರೂ ಕೇಳುವುದಿಲ್ಲ, ಸಂಕೋಚ. ಕೇಳಲೇಬೇಕು. ನನಗೆ ಪರಿಚಯದ ಒಂದು ಚಾಪ್ಟರ್‌ನಲ್ಲಿ ಹೊಸ ಅಧ್ಯಕ್ಷರಿಗೆ ಹಸ್ತಾಂತರವಾದದ್ದು ಒಂದು ಕಂದು ಲಕೋಟೆ ಮಾತ್ರ. ಒಳಗೆ ಮಾಸಿದ ಪಿಜ್ಜಾ ಬಿಲ್‌ಗಳು, ಒಂದು ಚೆಕ್ ಪುಸ್ತಕ. ಖಾತೆಗೆ ಸಹಿ ಮಾಡುವವರು ಕ್ಯಾಂಪಸ್ ಬಿಟ್ಟು ಹೋಗಿ ಆಗಲೇ ಒಂದು ವರ್ಷವಾಗಿತ್ತು. ಆ ಹಣ ವಿದ್ಯಾರ್ಥಿಗಳ ಬಹುಮಾನಕ್ಕೆ ಸಿಗುವ ಹೊತ್ತಿಗೆ ಇನ್ನೊಂದು ಸೆಮಿಸ್ಟರ್ ಕಳೆಯಿತು. ನೀವು ಹೆಸರು ಕೊಡುವ ಮುಂಚೆ ಕೇಳಿ: ಬ್ಯಾಂಕಿನಲ್ಲಿ ಎಷ್ಟಿದೆ, ಸಹಿ ಯಾರದು, ಕೊನೆಯ ಲೆಕ್ಕಪತ್ರ ಯಾವಾಗ ಸಭೆಯ ಮುಂದೆ ಬಂತು.

### ಈ ಸೂಚನೆ ಕಂಡರೆ ನಿಂತು ಯೋಚಿಸಿ

"ನೀವು ಹೆಸರು ಕೊಡಿ ಸಾಕು, ಕೆಲಸ ಏನೂ ಇರಲ್ಲ" ಎಂದು ಯಾರಾದರೂ ಹೇಳಿದರೆ ಅಲ್ಲಿ ಬಹಳ ಕೆಲಸ ಬಾಕಿ ಬಿದ್ದಿದೆ ಎಂದು ತಿಳಿಯಿರಿ. ನಿಯಮಾವಳಿ ಕೇಳಿದಾಗ ಯಾರ ಹತ್ತಿರವೂ ಇಲ್ಲದಿದ್ದರೆ, ಎರಡು ವರ್ಷದಿಂದ ವಾರ್ಷಿಕ ವರದಿ ಹೋಗದಿದ್ದರೆ, ಅಧ್ಯಕ್ಷರು ಮತ್ತು ಖಜಾಂಚಿ ಒಬ್ಬರೇ ಆಗಿದ್ದರೆ, ಬೇಡ ಎನ್ನಬೇಕೆಂದಿಲ್ಲ. ಆದರೆ ಮೊದಲ ಆರು ತಿಂಗಳು ಹಳೆಯದನ್ನು ಸರಿಪಡಿಸುವುದಕ್ಕೇ ಹೋಗುತ್ತದೆ ಎಂದು ಗೊತ್ತಿದ್ದೇ ಒಪ್ಪಿಕೊಳ್ಳಿ. ಇನ್ನು ಯಾವುದೋ ಗೌರವ ಸಂಘದ ಹೆಸರಿನಲ್ಲಿ "ನಿಮ್ಮನ್ನು ನಾಯಕತ್ವಕ್ಕೆ ಆರಿಸಿದ್ದೇವೆ, ಈ ಶುಲ್ಕ ಕಟ್ಟಿ" ಎಂದು ಇಮೇಲ್ ಬಂದರೆ ಹಣ ಕಳಿಸಬೇಡಿ. ಕಚೇರಿಯ ನಂಬರನ್ನು ನೀವೇ ಹುಡುಕಿ ಫೋನ್ ಮಾಡಿ ಕೇಳಿ.

## ಹಂತ 5: ಒಪ್ಪಿಗೆಗಳನ್ನು ಪಡೆಯಿರಿ

ಮೊದಲು ಮನೆಯಲ್ಲಿ. ಸಭೆಗಳು ಸಂಜೆ ಇರುತ್ತವೆ, ವಾರಾಂತ್ಯ ಇರುತ್ತವೆ. ಆಮೇಲೆ ವಿಭಾಗದ ಮುಖ್ಯಸ್ಥರು ಅಥವಾ ನಿಮ್ಮ ಗೈಡ್. ವರ್ಷಕ್ಕೆ ಇಷ್ಟು ದಿನ, ಇಷ್ಟು ಪ್ರಯಾಣ ಎಂದು ಸಂಖ್ಯೆಯಲ್ಲಿ ಹೇಳಿ. "ಸ್ವಲ್ಪ ಸಮಯ ಬೇಕಾಗಬಹುದು" ಎಂದರೆ ಅವರು ಸ್ವಲ್ಪವೇ ಅಂದುಕೊಳ್ಳುತ್ತಾರೆ.

ಪೋಸ್ಟ್‌ಡಾಕ್‌ಗಳೇ, ಇದನ್ನು ದಯವಿಟ್ಟು ಎರಡು ಸಲ ಓದಿ. ನಿಮ್ಮ ಒಪ್ಪಂದ ವರ್ಷದಿಂದ ವರ್ಷಕ್ಕೆ ಮುಂದುವರಿಯುವಂಥದ್ದು, ಮಂಡಳಿಯ ಹುದ್ದೆ 3 ವರ್ಷದ್ದು. ಮಧ್ಯದಲ್ಲಿ ಬೆಂಗಳೂರಿಗೆ ಮರಳಿದರೆ, ಇನ್ನೊಂದು ರಾಜ್ಯಕ್ಕೆ ಹೋದರೆ ಏನಾಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ನಿಮಗೆ ಸರಿಹೊಂದುವುದು ಒಂದು ವರ್ಷದ ಚಾಪ್ಟರ್ ಹುದ್ದೆ ಅಥವಾ ಸಮಿತಿಯ ಕೆಲಸ. ವೀಸಾ ಮೇಲಿರುವವರು ಯಾವುದೇ ಗೌರವಧನ, ಸ್ಟೈಪೆಂಡ್ ಒಪ್ಪುವ ಮುಂಚೆ ಕ್ಯಾಂಪಸ್‌ನ ಅಂತರರಾಷ್ಟ್ರೀಯ ಕಚೇರಿಯನ್ನು ಕೇಳಿ. ಗೆಳೆಯರ ಮಾತು ನಂಬಿ ಮುಂದುವರಿಯಬೇಡಿ.

ಇನ್ನು ನಿಮ್ಮ ಹೆಸರು ಸೂಚಿಸುವವರು. ದೊಡ್ಡ ಹೆಸರಿನವರಿಗಿಂತ ನಿಮ್ಮ ಕೆಲಸ ನೋಡಿದವರು ಮೇಲು. "ಇವರು ಬಹಳ ಪ್ರತಿಭಾವಂತರು" ಎಂಬ ಪತ್ರ ಯಾರು ಬೇಕಾದರೂ ಬರೆಯುತ್ತಾರೆ. "ಮಾರ್ಚ್‌ನಲ್ಲಿ ಹಿಮ ಬಿದ್ದು ಹಾಲ್ ಮುಚ್ಚಿದಾಗ ಒಂದೇ ರಾತ್ರಿಯಲ್ಲಿ ಇಡೀ ಕಾರ್ಯಕ್ರಮವನ್ನು ಆನ್‌ಲೈನ್‌ಗೆ ಬದಲಾಯಿಸಿದರು" ಎಂದು ಬರೆಯಲು ಅಲ್ಲಿದ್ದವರೇ ಬೇಕು. ನಮ್ಮವರಿಗೆ ಕೇಳಲು ನಾಚಿಕೆ, ಯಾರಾದರೂ ತಾವಾಗಿ ಗುರುತಿಸಲಿ ಎಂದು ಕಾಯುತ್ತಾರೆ. ಅತ್ತರೇ ತಾಯಿ ಹಾಲು ಕೊಡುವುದು. ಗಡುವಿಗೆ ಆರು ವಾರ ಇರುವಾಗಲೇ ಕೇಳಿ, ಆ ನೋಟ್‌ಬುಕ್‌ನಿಂದ ಒಂದು ಪುಟ ಜೊತೆಗೆ ಕಳಿಸಿ.

## ಹಂತ 6: ಅಭ್ಯರ್ಥಿಯ ಹೇಳಿಕೆ ಬರೆಯಿರಿ

ಮತ ಹಾಕುವವರಲ್ಲಿ ಬಹುಪಾಲು ಜನ ನಿಮ್ಮನ್ನು ನೋಡಿರುವುದಿಲ್ಲ. ಅವರ ಕೈಗೆ ಸಿಗುವುದು ಈ ಹೇಳಿಕೆ ಮಾತ್ರ. ನನಗೆ ತಿದ್ದಲು ಬರುವ ಕರಡುಗಳು ಸುಮಾರು ಹೀಗಿರುತ್ತವೆ:

"ನಾನು ಪಾಲಿಮರ್ ರಸಾಯನಶಾಸ್ತ್ರದಲ್ಲಿ 34 ಪ್ರಬಂಧಗಳನ್ನು ಪ್ರಕಟಿಸಿದ್ದೇನೆ. ಸಂಶೋಧನೆಯಲ್ಲಿ ನನಗೆ ಅಪಾರ ಆಸಕ್ತಿ. ಅವಕಾಶ ಕೊಟ್ಟರೆ ಸಂಘದ ಏಳಿಗೆಗೆ ದುಡಿಯುತ್ತೇನೆ."

ಇದರಲ್ಲಿ ಸುಳ್ಳಿಲ್ಲ. ಆದರೆ ಮತ ಹಾಕಲು ಕಾರಣವೂ ಇಲ್ಲ. ಅದೇ ಅಭ್ಯರ್ಥಿಯ ಜೊತೆ ಕೂತು, ನೋಟ್‌ಬುಕ್ ತೆಗೆಸಿ, ಬರೆಸಿದ್ದು ಇದು:

"ಎರಡು ವರ್ಷದಿಂದ ನಮ್ಮ ಚಾಪ್ಟರ್‌ನ ಅನುದಾನ ಕಮ್ಮಟ ನಡೆಸುತ್ತಿದ್ದೇನೆ. ಮೊದಲ ಸಲ ಬಂದದ್ದು 4 ವಿದ್ಯಾರ್ಥಿಗಳು, ಈ ವರ್ಷ 19. ನಮ್ಮ ಪಕ್ಕದ ಎರಡು ಸಣ್ಣ ಕಾಲೇಜುಗಳಲ್ಲಿ ಚಾಪ್ಟರ್ ಇದ್ದೂ ಸಭೆಗಳು ನಿಂತಿವೆ. ಆರಿಸಿದರೆ ಮೊದಲ ವರ್ಷ ಪ್ರಾಂತ್ಯದಲ್ಲಿ ಇಂಥ ಪ್ರತಿ ಚಾಪ್ಟರ್‌ನ ಕಾರ್ಯದರ್ಶಿಗೆ ನಾನೇ ಫೋನ್ ಮಾಡಿ, ದೊಡ್ಡ ಕ್ಯಾಂಪಸ್‌ನ ಕಮ್ಮಟಕ್ಕೆ ಅವರ ವಿದ್ಯಾರ್ಥಿಗಳನ್ನು ಸೇರಿಸುತ್ತೇನೆ."

ಏನು ಮಾಡಿದೆ, ಏನು ಕೊರತೆ ಕಂಡೆ, ಮೊದಲ ವರ್ಷ ಏನು ಮಾಡುತ್ತೇನೆ. ಈ ಕ್ರಮ ಇರಲಿ. ಪ್ರಬಂಧಗಳ ಮಾತು ಪರಿಚಯದ ಭಾಗದಲ್ಲಿ ಒಂದೇ ಸಾಲು ಬಂದರೆ ಸಾಕು. ಒಂದೇ ಭರವಸೆ ಕೊಡಿ, ನಿಮ್ಮ ಹುದ್ದೆಯಿಂದ ಆಗುವಂಥದ್ದನ್ನೇ ಕೊಡಿ. ಪ್ರಾಂತ್ಯದ ನಿರ್ದೇಶಕರು ಚಂದಾ ಅರ್ಧಕ್ಕೆ ಇಳಿಸುತ್ತೇನೆ ಎಂದರೆ ಓದುವ ಹಳೆಯ ಸದಸ್ಯರಿಗೆ ಇವರು ನಿಯಮ ಓದಿಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ಪದಗಳ ಮಿತಿ ಹೇಳಿದ್ದರೆ ಅದರೊಳಗೇ ಇರಿ, ಮಿತಿ ಮೀರಿದ್ದನ್ನು ಕತ್ತರಿಸುವವರು ನಿಮ್ಮ ಒಳ್ಳೆಯ ಸಾಲನ್ನೇ ಕತ್ತರಿಸಬಹುದು. ಬರೆದು ಮುಗಿಸಿದ ಮೇಲೆ ಬೇರೆ ವಿಷಯದವರೊಬ್ಬರಿಗೆ ಜೋರಾಗಿ ಓದಿ ಹೇಳಿ. ಭೂಗರ್ಭಶಾಸ್ತ್ರದವರಿಗೆ ಅರ್ಥವಾಗದ ಜೀವಶಾಸ್ತ್ರದ ಪದ ಇದ್ದರೆ ತೆಗೆಯಿರಿ, ಮತದಾರರು ಎಲ್ಲ ವಿಷಯದವರೂ ಇದ್ದಾರೆ.

## ಹಂತ 7: ಮತ ಕೇಳಿ

ಪ್ರಚಾರಕ್ಕೆ ಏನು ಅನುಮತಿ ಇದೆ ಎಂದು ಮೊದಲು ಕಚೇರಿಯಿಂದ ತಿಳಿದುಕೊಳ್ಳಿ. ಕಾರ್ಯದರ್ಶಿಯಾಗಿ ನಿಮ್ಮ ಕೈಯಲ್ಲಿರುವ ಸದಸ್ಯರ ಇಮೇಲ್ ಪಟ್ಟಿಯನ್ನು ಸ್ವಂತ ಪ್ರಚಾರಕ್ಕೆ ಬಳಸಬೇಡಿ. ಅದು ನಂಬಿಕೆಯ ಮೇಲೆ ಕೊಟ್ಟ ಪಟ್ಟಿ. ನಿಮಗೆ ಪರಿಚಯವಿರುವವರಿಗೆ ಒಬ್ಬೊಬ್ಬರಿಗೇ ಬರೆಯಿರಿ, ನಾಲ್ಕು ಸಾಲು, ಮತದಾನದ ತಾರೀಖು ಸೇರಿಸಿ. ಎದುರಾಳಿಯ ಬಗ್ಗೆ ಒಂದು ಮಾತೂ ಬೇಡ. ಭಾಷೆಯ, ದೇಶದ ಹೆಸರಿನಲ್ಲಿ "ನಮ್ಮವರು" ಎಂದು ವಾಟ್ಸಾಪ್ ಗುಂಪಿನಲ್ಲಿ ಮತ ಕೇಳುವುದನ್ನು ನೋಡಿದ್ದೇನೆ, ಬಹಳ ನೋವಾಯಿತು. ಸಂಶೋಧಕರ ಸಂಘದಲ್ಲಿ ಕೆಲಸ ತೋರಿಸಿಯೇ ಕೇಳಬೇಕು.

## ಹಂತ 8: ಫಲಿತಾಂಶ ಬಂದ ಮೇಲೆ

ಗೆದ್ದರೆ, ಅಧಿಕಾರ ಶುರುವಾಗುವ ಮುಂಚೆಯೇ ಹಿಂದಿನವರ ಜೊತೆ ಒಂದು ಗಂಟೆ ಕೂತುಕೊಳ್ಳಿ. ಪಾಸ್‌ವರ್ಡ್‌ಗಳು, ಬ್ಯಾಂಕ್ ಸಹಿ, ಬಾಕಿ ಇರುವ ವರದಿಗಳು, ಯಾರಿಗೆ ಯಾವ ಮಾತು ಕೊಟ್ಟಿದ್ದಾರೆ ಎಂಬ ಪಟ್ಟಿ. ಬರೆದುಕೊಂಡು, ಅವರಿಗೇ ಕಳಿಸಿ ಸರಿಯಾಗಿದೆಯಾ ಎಂದು ಕೇಳಿ. ಮೊದಲ ದಿನವೇ ಒಂದು ಹಸ್ತಾಂತರದ ಕಡತ ತೆರೆದು, ನಿಮ್ಮ ನಂತರ ಬರುವವರಿಗಾಗಿ ತುಂಬುತ್ತಾ ಹೋಗಿ.

ಸೋತರೆ, ಆ ವಾರದಲ್ಲೇ ಗೆದ್ದವರಿಗೆ ಬರೆಯಿರಿ. ಅಭಿನಂದನೆ ಒಂದು ಸಾಲು. ಎರಡನೇ ಸಾಲಿನಲ್ಲಿ, ನಿಮ್ಮ ಹೇಳಿಕೆಯಲ್ಲಿದ್ದ ಆ ಒಂದು ಕೆಲಸವನ್ನು ಹೆಸರಿಸಿ, ಅದನ್ನು ಸಮಿತಿಯ ಸದಸ್ಯನಾಗಿ ನಾನು ಮಾಡಲೇ ಎಂದು ಕೇಳಿ. ಮೇಲೆ ಹೇಳಿದ ಪಾಲಿಮರ್ ಅಭ್ಯರ್ಥಿ ಆ ಸಲ ಸೋತರು. ಆದರೆ ಎರಡನೇ ಸಾಲು ಬರೆದರು. ಡಿಸೆಂಬರ್‌ನಲ್ಲಿ ಕ್ಲಾಸು ಮುಗಿದ ಮೇಲೆ ಆಫೀಸಿನಲ್ಲಿ ಕೂತು ಆ ಎರಡು ಸಣ್ಣ ಕಾಲೇಜುಗಳ ಕಾರ್ಯದರ್ಶಿಗಳಿಗೆ ಫೋನ್ ಮಾಡಿದ್ದು ಅವರೇ.